ಬೀಜದಲ್ಲಿ ಮರ ಅಡಗೀತೆ?

ಬಿ.ಎ. ಓದುವವನಿಗೆ ಗಣಕಯಂತ್ರದ ಗೊಡವೆ ಏಕೆ ಎಂದು, ಈ ಲೇಖನದ ತಲೆಬರಹದ ಕೆಳಗೆ ನನ್ನ ತರಗತಿಯನ್ನು ಕಂಡ ಮಿತ್ರರು ಕೇಳಬಹುದು. ವಿಜ್ಞಾನದ ವಿಭಾಗವೇ ಇಲ್ಲದ ನಮ್ಮ ಕಾಲೇಜಿನಲ್ಲಿ ಆ ಪ್ರಶ್ನೆ ಸಹಜವೇ. ಆದರೆ ನಾನು ಹೇಳಹೊರಟಿರುವ ವಿಷಯಕ್ಕೆ ಬೇಕಾದ ಗಣಿತವೆಲ್ಲ ಹತ್ತನೆಯ ತರಗತಿಯೊಳಗೆ ಮುಗಿಯುತ್ತದೆ. ಅದನ್ನು ಬಲ್ಲೆನೆಂದುಕೊಂಡೂ ಮೂರು ತಿಂಗಳು ಮೋಸಹೋದವನು ನಾನು. ಮೋಸಮಾಡಿದವನೂ ನಾನೇ ಆದುದರಿಂದ ಯಾರ ಮೇಲೂ ದೂರು ಹೇಳುವಂತಿಲ್ಲ.

ನಮ್ಮ ತಂದೆಯವರು ಬೆಂಗಳೂರಿನಲ್ಲಿ, ಕಟ್ಟುತ್ತಿರುವ ಮನೆಗಳಿಗೆ ರಾತ್ರಿಯ ಕಾವಲಿರುತ್ತಾರೆ. ಒಂದು ಮನೆ ಮುಗಿದರೆ ಇನ್ನೊಂದು ಮನೆಯ ಮರಳುರಾಶಿಯ ಪಕ್ಕಕ್ಕೆ ಅವರ ಚಾಪೆ ಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಕರೆ ಬರುತ್ತದೆ. "ಉಂಡ್ಯಾ ಮಗಾ?" "ಹೂಂ ಅಪ್ಪಾ, ಉಂಡೆ." "ಹಸ ಕರ ಚೆನ್ನಾಗವಾ?" ಅಷ್ಟರಲ್ಲಿ ಮಾತು ಮುಗಿದಿರುತ್ತದೆ; ಆದರೂ ಕರೆಯನ್ನು ಕಡಿಯಲು ಅತ್ತಲಿಂದ ಅವರಿಗೂ ಇತ್ತಲಿಂದ ನಮಗೂ ಮನಸ್ಸು ಬರುವುದಿಲ್ಲ. ಅಮ್ಮನಿಗೆ ಅಕ್ಷರ ಬಾರದು. ಹಿಂದಿನವರು ಕಾಗದವನ್ನು ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದ ಹಾಗೆ ಅವಳು ಅಪ್ಪನ ಕರೆಗಳ ಧ್ವನಿಮುದ್ರಣವನ್ನು ಮನೆಯ ಒಂದೇ ಒಂದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾಳೆ. ಮಧ್ಯಾಹ್ನ ಕೆಲಸವಿಲ್ಲದಾಗ ಒಂದನ್ನು ಹಾಕಿಸಿಕೊಂಡು ಕೇಳುತ್ತಾಳೆ. ಹೋದ ವರ್ಷ ಆಷಾಢದಲ್ಲಿ ಆ ಮೊಬೈಲು ತುಂಬಿತು. ಏನನ್ನಾದರೂ ಅಳಿಸಬೇಕೆಂದು ಅದು ದಿನಕ್ಕೆರಡು ಸಲ ಬೇಡಿಕೊಳ್ಳತೊಡಗಿತು. ಅಮ್ಮ, "ಅಳಿಸ್‌ಬ್ಯಾಡ ಕಣ್ಲಾ, ಓದೋ ಹುಡುಗ ನೀನು, ಹೆಂಗಾದ್ರೂ ಜಾಗ ಮಾಡು" ಎಂದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹೀಗಾಗಿ ಪ್ರಪಂಚದಲ್ಲಿ ಓದಿನಿಂದ ಆಗಬಹುದಾದ ಕೆಲಸವೆಲ್ಲ ನನ್ನ ಪಾಲಿಗೆ ಬಂದಿದೆ.

ಅದೇ ವಾರ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಮಾದರಿ ಆರಿಸುವ ಪಾಠ ನಡೆಯುತ್ತಿತ್ತು. ಪುಸ್ತಕದ ಹಿಂಭಾಗದಲ್ಲಿ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕವಿರುವುದನ್ನು ನೀವು ಬಲ್ಲಿರಿ. ಯಾವ ಕ್ರಮಕ್ಕೂ ಸಿಗದಂತೆ ಬಿದ್ದಿರುವ ಅಂಕಿಗಳ ಸಾಲುಗಳು. 1927ರಲ್ಲಿ ಟಿಪ್ಪೆಟ್ ಎಂಬವರು ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 41,600 ಅಂಕಿಗಳಿದ್ದುವು. 1955ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆ ಹತ್ತು ಲಕ್ಷ ಅಂಕಿಗಳ ಇಡೀ ಗ್ರಂಥವನ್ನೇ ಹೊರತಂದಿತು. ಗಣಕಯಂತ್ರಗಳು ಬಂದಮೇಲೆ ಇಂಥ ಗ್ರಂಥವನ್ನು ಹೊತ್ತು ತಿರುಗುವ ಬದಲು ಅಂಕಿಗಳನ್ನು ಅಲ್ಲಲ್ಲೇ ಹುಟ್ಟಿಸುವ ಉಪಾಯ ಹುಡುಕಿದರು. 1949ರಲ್ಲಿ ಲೆಹ್ಮರ್ ಎಂಬ ಗಣಿತಜ್ಞರು ಸೂಚಿಸಿದ ಉಪಾಯ ಮಕ್ಕಳಾಟದಷ್ಟು ಸರಳ: ಒಂದು ಸಂಖ್ಯೆಯನ್ನು ಗುಣಿಸು, ಭಾಗಿಸು, ಉಳಿದ ಶೇಷವನ್ನು ಮುಂದಿನ ಸಂಖ್ಯೆಯಾಗಿ ತೆಗೆದುಕೋ. ಅದರ ಒಂದು ಮರಿರೂಪವನ್ನು ನೀವೇ ಮಾಡಿ ನೋಡಬಹುದು. 7ರಿಂದ ಹೊರಡಿ. 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿದರೆ ಉಳಿಯುವುದು 6. ಆರಕ್ಕೆ ಅದನ್ನೇ ಮಾಡಿದರೆ 1. ಮುಂದೆ 8, 11, 10, 5, 12, 15, 14, 9, 0, 3, 2, 13, 4. ಆಮೇಲೆ ಮತ್ತೆ 7ಕ್ಕೆ ಬಂದು ನಿಲ್ಲುತ್ತದೆ. ನೋಡಿದವನಿಗೆ ಇದು ಚೀಟಿ ಎತ್ತಿದ ಹಾಗೆ ಕಾಣುತ್ತದೆ. ಬಲ್ಲವನಿಗೆ ಎಲ್ಲವೂ ಮೊದಲಿನ ಆ ಏಳರಲ್ಲಿಯೇ ಇದೆ. ಆದಕಾರಣ ಇವನ್ನು ಹುಸಿ ಯಾದೃಚ್ಛಿಕ ಸಂಖ್ಯೆಗಳೆನ್ನುತ್ತಾರೆ. ಹೊರಡುವ ಸಂಖ್ಯೆಗೆ ಇಂಗ್ಲಿಷಿನಲ್ಲಿ 'ಸೀಡ್', ಅಂದರೆ ಬೀಜವೆಂದೇ ಹೆಸರು.

ಹೊಲದವನ ಮಗನಿಗೆ ಬೀಜವೆಂಬ ಮಾತು ಸಾಕಾಯಿತು. ಫೈಲು ಎಂಬುದು ಕೊನೆಗೆ ಒಂದು ಅಂಕಿಗಳ ಸಾಲು ತಾನೆ? ಅಪ್ಪನ ಕರೆಯ ಫೈಲನ್ನೇ ಅಂಕಿ ತಪ್ಪದಂತೆ ಹುಟ್ಟಿಸುವ ಬೀಜ ಎಲ್ಲಿಯಾದರೂ ಇರಲೇಬೇಕು. ಅದನ್ನು ಹುಡುಕಿ ಇಟ್ಟುಕೊಂಡು ಫೈಲನ್ನು ಅಳಿಸಿಬಿಡಬಹುದು. ಬೇಕಾದಾಗ ಬೀಜ ಬಿತ್ತಿದರೆ ಮರ ಬಂದೀತು. ಈಗ ಬಳಕೆಯಲ್ಲಿರುವ ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನ, ಜಪಾನಿನ ಮತ್ಸುಮೊತೊ ಮತ್ತು ನಿಶಿಮುರ ಅವರು 1998ರಲ್ಲಿ ಪ್ರಕಟಿಸಿದ್ದು, ತನ್ನ ಸಾಲನ್ನು ಮತ್ತೆ ಮೊದಲಿನಿಂದ ಆರಂಭಿಸುವ ಮುನ್ನ ಎಷ್ಟು ದೂರ ಹೋಗುತ್ತದೆಂಬುದನ್ನು ಬರೆಯುವುದಕ್ಕೇ 6,002 ಅಂಕಿಗಳು ಬೇಕು. ಇಷ್ಟು ಉದ್ದದ ಸಾಲಿನಲ್ಲಿ ನನ್ನ ಫೈಲು ಇಲ್ಲದಿರಲು ಸಾಧ್ಯವೆ? ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪೇಟೆಂಟಿನ ಹಣದಲ್ಲಿ ಅಪ್ಪನನ್ನು ಊರಿಗೆ ಕರೆಸಿಕೊಂಡಾಗಿತ್ತು.

ಕಾಲೇಜಿನ ಕಂಪ್ಯೂಟರು ಕೊಠಡಿಯಲ್ಲಿ, ಪೈಥಾನ್ ಭಾಷೆಯಲ್ಲಿ ಹತ್ತು ಸಾಲು ಬರೆದು ಪ್ರಯೋಗಕ್ಕೆ ಕುಳಿತೆ. ಇಡೀ ಕರೆ ಆಮೇಲಾಗಲಿ, ಮೊದಲು 'ಅಮ್ಮ' ಎಂಬ ಪದ ಹುಡುಕೋಣವೆಂದುಕೊಂಡೆ. ಗಣಕಯಂತ್ರದಲ್ಲಿ ಸಾಮಾನ್ಯವಾಗಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಅಂದರೆ 24 ಬಿಟ್ಟು ಹಿಡಿಯುತ್ತದೆ. 'ಅಮ್ಮ' ಎಂಬುದರಲ್ಲಿ ಅ, ಮ, ವಿರಾಮಚಿಹ್ನೆಯಂತೆ ಬರುವ ಅರ್ಧಾಕ್ಷರದ ಗುರುತು, ಮತ್ತೊಂದು ಮ, ಹೀಗೆ ನಾಲ್ಕು ಸಂಕೇತ. ಒಟ್ಟು 12 ಬೈಟು. ಸೊನ್ನೆಯಿಂದ ಹಿಡಿದು ಒಂದೊಂದೇ ಬೀಜವನ್ನು ಬಿತ್ತಿ, ಮೊದಲ ಮೂರು ಬೈಟು 'ಅ' ಆಗುತ್ತದೆಯೇ ಎಂದು ನೋಡುತ್ತ ಹೋದೆ. ಸೆಕೆಂಡಿಗೆ ಸುಮಾರು ಒಂದು ಲಕ್ಷ ಬೀಜ. ಕೆಲವು ನಿಮಿಷಗಳಲ್ಲಿ 'ಅ' ಸಿಕ್ಕಿತು! ಎದ್ದು ಕುಣಿಯುವುದೊಂದು ಬಾಕಿ. ಆದರೆ ಸಿಕ್ಕಿದ ಬೀಜದ ಸಂಖ್ಯೆ ಎರಡು ಕೋಟಿಯನ್ನು ದಾಟಿತ್ತು. ಅದನ್ನು ಬರೆದಿಡಲು 25 ಬಿಟ್ಟು ಬೇಕು. 24 ಬಿಟ್ಟಿನ ಅಕ್ಷರವನ್ನು 25 ಬಿಟ್ಟಿಗೆ ಕುಗ್ಗಿಸಿದ ಕೀರ್ತಿ ನನ್ನದಾಯಿತು.

ಅದೃಷ್ಟ ನೆಟ್ಟಗಿಲ್ಲವೆಂದು ನಾನು ಎರಡು ಸಂಕೇತಕ್ಕೆ ಓಟ ಆರಂಭಿಸಿದೆ. ರಾತ್ರಿ ಯಂತ್ರವನ್ನು ಆರಿಸಬಾರದೆಂದು ಅಟೆಂಡರಿಗೆ ಕೈಮುಗಿದುಕೊಂಡೆ. ಆಮೇಲೆ ಕುಳಿತು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಾಗಿತ್ತು. ಒಂದು ಸಂಕೇತಕ್ಕೆ ಸರಾಸರಿ 1 ಕೋಟಿ 67 ಲಕ್ಷ ಬೀಜ. ಎರಡಕ್ಕೆ ಅದರ ವರ್ಗ: 281 ಲಕ್ಷ ಕೋಟಿ. ಅದೇ ವೇಗದಲ್ಲಿ 89 ವರ್ಷ. ಇಡೀ 'ಅಮ್ಮ' ಪದಕ್ಕೋ, ವಿಶ್ವ ಹುಟ್ಟಿ ಇಂದಿಗೆ ಆಗಿರುವ 1,380 ಕೋಟಿ ವರ್ಷಗಳ ಹದಿನೆಂಟು ಲಕ್ಷ ಪಟ್ಟು. ಇನ್ನೂ ಚುರುಕಾದ ಯಂತ್ರ ಬಂದೀತು ಎಂದು ಆಗಲೂ ನನ್ನ ಮನಸ್ಸು ವಾದಿಸುತ್ತಿತ್ತು.

ಆ ವಾದವನ್ನು ಮುರಿದವರು ನಮ್ಮ ಸಂಖ್ಯಾಶಾಸ್ತ್ರದ ಮೇಷ್ಟ್ರು. ಅವರು ನನ್ನ ಕಾಗದಗಳನ್ನು ನೋಡಿ ನಗಲಿಲ್ಲ. ಹೊರಗೆ ನಿಲ್ಲಿಸಿದ್ದ ತಮ್ಮ ಸ್ಕೂಟರನ್ನು ತೋರಿಸಿ, "ಅದರ ನಂಬರು ಓದಯ್ಯಾ" ಎಂದರು. ಓದಿದೆ. "ಜಿಲ್ಲೆಯ ಸಂಖ್ಯೆ ಆಯಿತು, ನಾಲ್ಕು ಅಂಕಿ ಆಯಿತು. ನಡುವೆ ಎರಡು ಅಕ್ಷರ ಏಕೆ ಇದೆ?" "ನಾಲ್ಕು ಅಂಕಿಗೆ 9,999 ಗಾಡಿಗೆ ಮುಗಿದುಹೋಗುತ್ತದೆ ಸಾರ್, ಅದಕ್ಕೆ." "ನಂಬರು ಬರೆಯುವವನು ಎಷ್ಟೇ ಜಾಣನಾದರೂ?" "ಎಷ್ಟೇ ಜಾಣನಾದರೂ ಸಾರ್." "ಹಾಗಾದರೆ ನಿನ್ನ ಫೈಲುಗಳಿಗೆ ಮಾತ್ರ ಗಿಡ್ಡ ನಂಬರು ಎಲ್ಲಿಂದ ತರುತ್ತೀಯಯ್ಯಾ?"

ಇಷ್ಟೇ ಲೆಕ್ಕ. 96 ಬಿಟ್ಟಿನ ಫೈಲುಗಳು ಎಷ್ಟು ಬಗೆಯಲ್ಲಿ ಇರಬಹುದೋ, 86 ಬಿಟ್ಟಿನ ಬೀಜಗಳು ಅದರ 1,024ರಲ್ಲಿ ಒಂದು ಪಾಲು ಮಾತ್ರ ಇವೆ. ಒಂದು ಬೀಜಕ್ಕೆ ಒಂದೇ ಬೆಳೆ. ಆದಮೇಲೆ 1,024 ಫೈಲುಗಳಲ್ಲಿ 1,023ಕ್ಕೆ ಬೀಜವೇ ಇಲ್ಲ. ಹುಡುಕಿ ಸಿಗಲಿಲ್ಲವೆಂದಲ್ಲ, ಇಲ್ಲವೇ ಇಲ್ಲ. ಯಂತ್ರದ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಬೀಜದ ಬದಲು ಆ ಉದ್ದ ಸಾಲಿನಲ್ಲಿ ಫೈಲು ಎಷ್ಟನೆಯ ಸ್ಥಾನದಲ್ಲಿದೆ ಎಂದು ಬರೆದಿಟ್ಟರೂ ಅಷ್ಟೆ. ಸ್ಥಾನದ ಸಂಖ್ಯೆ ಹೆಚ್ಚುಕಡಿಮೆ ಫೈಲಿನಷ್ಟೇ ಉದ್ದವಾಗುತ್ತದೆ. ಬೀಜದಿಂದ ಕುಗ್ಗಿಸಬಹುದಾದ ಒಂದು ಜಾತಿಯ ಫೈಲು ಖಂಡಿತವಾಗಿ ಇದೆ: ಅದೇ ಬೀಜದಿಂದ ಹುಟ್ಟಿದ್ದು! ಮೇಲೆ ನಾನು ಬರೆದ ಹದಿನಾರು ಸಂಖ್ಯೆಗಳನ್ನು 'ಏಳರಿಂದ ಹೊರಡು' ಎಂದು ಹೇಳಿ ಮುಗಿಸಬಹುದು. ಟಿಪ್ಪೆಟ್ಟರ ಕೋಷ್ಟಕವನ್ನು ಹಾಗೆ ಮುಗಿಸುವ ದಾರಿ ಯಾರಿಗೂ ಗೊತ್ತಿಲ್ಲ. ತನಗಿಂತ ಗಿಡ್ಡದಾದ ವಿವರಣೆ ಯಾವುದಕ್ಕೆ ಇಲ್ಲವೋ ಅದೇ ನಿಜವಾದ ಯಾದೃಚ್ಛಿಕ ಎಂದು ರಷ್ಯದ ಕೊಲ್ಮೊಗೊರೊವ್ 1965ರಲ್ಲಿ ಇದನ್ನೇ ಸಿದ್ಧಾಂತವಾಗಿ ಕಟ್ಟಿದರು. ನೋಡುವ ಕಣ್ಣಿಗೆ ಎರಡೂ ಒಂದೇ ಎಂಬುದೇ ಇದರಲ್ಲಿನ ಸೋಜಿಗ.

ನಾನೊಬ್ಬನೇ ಹೀಗೆ ಮುಗ್ಗರಿಸಿದ್ದರೆ ಈ ಲೇಖನಕ್ಕೆ ಕಾರಣವಿರಲಿಲ್ಲ. 2002ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಜಿಯೋಸಿಂಕ್ ಎಂಬ ಕಂಪನಿ, ಯಾದೃಚ್ಛಿಕ ದತ್ತಾಂಶವನ್ನು ಏನೂ ಕಳೆಯದೆ ನೂರರಲ್ಲಿ ಒಂದು ಪಾಲಿಗೆ ಇಳಿಸುತ್ತೇವೆಂದು ಪತ್ರಿಕೆಗಳಿಗೆ ಘೋಷಿಸಿತು. ಅಂಥ ವಸ್ತುವನ್ನು ಯಾರೂ ಕಾಣಲಿಲ್ಲ. ಅದಕ್ಕೆ ಸ್ವಲ್ಪ ಮೊದಲು, 2001ರಲ್ಲಿ, ಮೈಕ್ ಗೋಲ್ಡ್‌ಮನ್ ಎಂಬವರು ಒಂದು ಪಂಥ ಒಡ್ಡಿದ್ದರು: ನೂರು ಡಾಲರು ಕಟ್ಟಿ ನನ್ನಿಂದ ಯಾದೃಚ್ಛಿಕ ಫೈಲು ಪಡೆಯಿರಿ, ಅದನ್ನು ಕುಗ್ಗಿಸಿದರೆ 5,000 ಡಾಲರು ನಿಮ್ಮದು. ಪ್ಯಾಟ್ರಿಕ್ ಕ್ರೇಗ್ ಎಂಬ ಜಾಣರು, ಒಂದಕ್ಕಿಂತ ಹೆಚ್ಚು ಫೈಲು ಕೊಡಬಹುದೇ ಎಂದು ಕೇಳಿ ಒಪ್ಪಿಗೆ ಪಡೆದು, ಕೊಟ್ಟ ಫೈಲನ್ನು ಒಂದು ಗೊತ್ತಾದ ಅಕ್ಷರದ ಬಳಿ ಅಲ್ಲಲ್ಲಿ ಕತ್ತರಿಸಿ, ಕತ್ತರಿಸಿದಲ್ಲಿನ ಅಕ್ಷರವನ್ನು ಬಿಟ್ಟು, ನೂರಾರು ಚೂರುಗಳನ್ನು ಕಳಿಸಿದರು. ಚೂರುಗಳ ಒಟ್ಟು ತೂಕ ಕಡಿಮೆಯಿತ್ತು. ಪ್ರತಿ ಚೂರಿನ ಕೊನೆಗೆ ಆ ಅಕ್ಷರ ಸೇರಿಸಿ ಹೊಲಿದರೆ ಮೂಲ ಬರುತ್ತಿತ್ತು. ಗೋಲ್ಡ್‌ಮನ್ ಹಣ ಕೊಡಲಿಲ್ಲ. ಇಬ್ಬರ ಮೇಲೂ ನನಗೆ ಅಭಿಮಾನವಿದೆ. ಕಳೆದುಹೋದಂತೆ ಕಂಡ ಬಿಟ್ಟುಗಳು ಎಲ್ಲಿಗೂ ಹೋಗಿರಲಿಲ್ಲ, ಚೂರುಗಳು ಎಲ್ಲಿ ಮುಗಿಯುತ್ತವೆ ಎಂಬ ಸಂಗತಿಯಲ್ಲಿ ಅವಿತಿದ್ದುವು. ಮದುವೆಮನೆಯ ಖರ್ಚು ಕಡಿಮೆಯಾಯಿತೆಂದು ಹೇಳಿ ಅದನ್ನು ಮಾವನ ಮನೆಯ ಲೆಕ್ಕಕ್ಕೆ ಬರೆದ ಹಾಗೆ.

ಹಾಗಾದರೆ ಫೈಲುಗಳನ್ನು ಕುಗ್ಗಿಸುವ ಜಿಪ್ ಮೊದಲಾದವು ಸುಳ್ಳೇ ಎಂದು ಕೇಳಬಹುದು. ಅಲ್ಲ. ಅವು ಎಲ್ಲವನ್ನೂ ಕುಗ್ಗಿಸುವುದಿಲ್ಲ, ಕ್ರಮವುಳ್ಳದ್ದನ್ನು ಕುಗ್ಗಿಸುತ್ತವೆ. ನಮ್ಮ ಕನ್ನಡವನ್ನೇ ನೋಡಿ. ಆ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ 224. ಎರಡನೆಯದು 178 ಇಲ್ಲವೇ 179. ಮೂರನೆಯದರಲ್ಲೂ ಮೊದಲ ಎರಡು ಬಿಟ್ಟು ಗೊತ್ತೇ ಇರುತ್ತವೆ. 24 ಬಿಟ್ಟುಗಳಲ್ಲಿ 17ನ್ನು ಹೇಳದೆಯೇ ಬಲ್ಲೆವು, ಹೇಳಬೇಕಾದದ್ದು ಏಳು. ಅದರ ಮೇಲೆ, ಯಾವ ಅಕ್ಷರದ ಹಿಂದೆ ಯಾವುದು ಬರುತ್ತದೆ, 'ಅಲ್ಲಿ' 'ಇಲ್ಲ' ಎಷ್ಟು ಸಲ ಮರಳುತ್ತವೆ ಎಂಬುದನ್ನು ಬಲ್ಲವನು ಇನ್ನೂ ಕಡಿಮೆಯಲ್ಲಿ ಹೇಳಬಲ್ಲನು. ಕುಗ್ಗಿಸುವುದೆಂದರೆ ವಸ್ತುವನ್ನು ಅರಿಯುವುದು. ನನ್ನ ಬೀಜದ ಯಂತ್ರಕ್ಕೆ ಕನ್ನಡವೂ ಒಂದೇ, ಕಸವೂ ಒಂದೇ. ಏನನ್ನೂ ಅರಿಯದೆ ಎಲ್ಲವನ್ನೂ ಕುಗ್ಗಿಸುತ್ತೇನೆಂದು ಹೊರಟದ್ದೇ ನನ್ನ ತಪ್ಪು. ಪರೀಕ್ಷೆಯ ಹಿಂದಿನ ವಾರ ಇಪ್ಪತ್ತು ಪ್ರಶ್ನೆಗಳ ಗೈಡನ್ನು ಕೊಂಡುತರುವ ಮಿತ್ರರ ಬಗ್ಗೆ ಇಲ್ಲಿ ಬರೆಯಬೇಕೆಂದಿದ್ದೆ. ನನ್ನ ಪೆಟ್ಟಿಗೆಯಲ್ಲೂ ಎರಡು ಗೈಡು ಇರುವುದರಿಂದ ಬಿಟ್ಟಿದ್ದೇನೆ.

ಬೀಜದಿಂದ ಮರ ಬಂದ ಉದಾಹರಣೆ ಇಲ್ಲದಿಲ್ಲ. 1984ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ತರುಣರು 'ಎಲೀಟ್' ಎಂಬ ಆಟವನ್ನು ರಚಿಸಿ, 32 ಕಿಲೋಬೈಟಿನ ಪುಟ್ಟ ಗಣಕಯಂತ್ರದಲ್ಲಿ ಎಂಟು ನಕ್ಷತ್ರಮಂಡಲ, ಒಂದೊಂದರಲ್ಲಿ 256 ಲೋಕಗಳನ್ನು ಹೆಸರು ಸಮೇತ ತುಂಬಿದರು. ಯಾವ ಲೋಕವನ್ನೂ ಬರೆದಿಟ್ಟಿರಲಿಲ್ಲ. ಎಲ್ಲವೂ ಬೀಜದಿಂದ ಆಗಾಗ ಹುಟ್ಟುತ್ತಿದ್ದುವು. ಆದರೆ ಅವರು ಬೆಳೆದದ್ದನ್ನು ಒಪ್ಪಿಕೊಂಡರು. ಇಂಥ ಕಡೆಗೆ ಇಂಥ ಕೊಂಬೆಯೇ ಬಾಗಿರಬೇಕೆಂದು ಹಟ ಹಿಡಿಯದವನಿಗೆ ಬೀಜ ಸಾಕು. ನನಗೆ ಬೇಕಾಗಿದ್ದುದು ಯಾವುದೋ ಒಂದು ಧ್ವನಿಯಲ್ಲ, ಅಪ್ಪನದು.

ಅಪ್ಪನ ಧ್ವನಿಗೇ ಬಂದೆ. ಮೇಷ್ಟ್ರು ಕೊಟ್ಟ ಪುಸ್ತಕಗಳನ್ನು ಓದುತ್ತ ಹೋದಾಗ ಒಂದು ಹೆಸರು ಸಿಕ್ಕಿತು: ಬಿಷ್ಣು ಅಟಲ್. 1933ರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ 1957ರಿಂದ 1960ರವರೆಗೆ ಧ್ವನಿಶಾಸ್ತ್ರದ ಅಧ್ಯಾಪಕರಾಗಿದ್ದು, 1961ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯನ್ನು ಸೇರಿದರು. ಇವರೂ ಜರ್ಮನಿಯಲ್ಲಿ ಹುಟ್ಟಿದ ಮ್ಯಾನ್‌ಫ್ರೆಡ್ ಶ್ರೋಡರ್ ಅವರೂ 1985ರಲ್ಲಿ ಪ್ರಕಟಿಸಿದ ಒಂದು ವಿಧಾನದಲ್ಲಿ, ನಾನು ಸೋತ ಜಾಗದಲ್ಲಿಯೇ ಯಾದೃಚ್ಛಿಕ ಸಂಖ್ಯೆಗಳು ಗೆದ್ದಿವೆ! ಹೇಗೆಂದರೆ, ಮಾತನ್ನು ಅವರು ಮೊದಲು ಅರಿತರು. ಗಂಟಲು, ಬಾಯಿ, ನಾಲಗೆ ಈ ಕ್ಷಣ ಯಾವ ಆಕಾರದಲ್ಲಿವೆ, ಸ್ವರದ ಏರಿಳಿತವೆಷ್ಟು ಎಂಬುದನ್ನು ಕೆಲವೇ ಅಂಕಿಗಳಲ್ಲಿ ಹಿಡಿದು ತೆಗೆದರೆ, ಉಳಿಯುವುದು ಕ್ರಮವಿಲ್ಲದ ಗೊರಗೊರ. ಆ ಉಳಿಕೆಗೆ ಮಾತ್ರ ಒಂದು ಪುಸ್ತಕ ಮಾಡಿದರು: 1,024 ಯಾದೃಚ್ಛಿಕ ಸಾಲುಗಳು, ಒಂದೊಂದು ಸಾಲಿನಲ್ಲಿ 40 ಸಂಖ್ಯೆ, ಎಂದರೆ ಸೆಕೆಂಡಿನ ಇನ್ನೂರನೆಯ ಒಂದು ಭಾಗದ ಸದ್ದು. ಅದೇ ಪುಸ್ತಕ ಕಳಿಸುವವನಲ್ಲೂ ಕೇಳುವವನಲ್ಲೂ ಇರುತ್ತದೆ. ಕಳಿಸುವ ಕಡೆ ಎಲ್ಲ ಸಾಲುಗಳನ್ನೂ ಪ್ರಯತ್ನಿಸಿ, ಕಿವಿಗೆ ಹತ್ತಿರವಾದದ್ದನ್ನು ಆರಿಸಿ, ಅದರ ಕ್ರಮಸಂಖ್ಯೆಯನ್ನು ಮಾತ್ರ ಕಳಿಸುತ್ತಾರೆ. ಹತ್ತು ಬಿಟ್ಟು! ಒಂದು ಸೆಕೆಂಡಿನ ಮಾತಿಗೆ ಅಂದಿನ ಮಹಾಗಣಕವಾದ ಕ್ರೇ ಯಂತ್ರವೂ 125 ಸೆಕೆಂಡು ತಿಣುಕಿತಂತೆ. ಮುಂದೆ ಯಾದೃಚ್ಛಿಕ ಪುಸ್ತಕದ ಬದಲು ಹುಡುಕಲು ಸುಲಭವಾದ ಪುಸ್ತಕಗಳು ಬಂದುವು. ನಮ್ಮ ಮೊಬೈಲುಗಳ ಮಾತು ಬಹುಮಟ್ಟಿಗೆ ಆ ವಂಶದ್ದೇ.

ನಾನು ಬಯಸಿದ್ದು ಅಂಕಿಗೆ ಅಂಕಿ. ಅವರು ಬಯಸಿದ್ದು ಕಿವಿಗೆ ಸಾಕೆನಿಸುವಷ್ಟು. ಈ 'ಸಾಕು' ಎಂಬ ಮಾತು ಗಣಿತದ್ದಲ್ಲ. ಮನುಷ್ಯನ ಮಾತಿನಲ್ಲಿ ಯಾವುದು ಹೋದರೂ ನಡೆದೀತು, ಯಾವುದು ಹೋಗಕೂಡದು ಎಂದು ಯಾರೋ ಕುಳಿತು ತೀರ್ಮಾನಿಸಿರಬೇಕು. ಭಾಷೆ, ಇತಿಹಾಸ, ಸಮಾಜಶಾಸ್ತ್ರ ಓದುವ ನಾವು ಆ ತೀರ್ಮಾನದ ಹತ್ತಿರ ಸುಳಿಯದೆ, ಅದು ಎಂಜಿನಿಯರುಗಳ ಕೆಲಸವೆಂದು ಕೈತೊಳೆದುಕೊಂಡಿರುವುದು ಸರಿಯಲ್ಲವೆಂಬುದೇ ನನ್ನ ಮತ. ಮಾತಿಗೆಂದು ಮಾಡಿದ ಈ ವಿಧಾನ ಹಾಡಿಗೆ ಒಗ್ಗುವುದಿಲ್ಲ. ನಮ್ಮ ಅಜ್ಜಿ ಅಪ್ಪನಿಗೆ ಕರೆಯಲ್ಲಿ ಹೇಳಿಕೊಟ್ಟ ಸೋಬಾನೆಯ ಹಾಡಿನ ಧ್ವನಿಮುದ್ರಣವೊಂದು ಆ ಮೊಬೈಲಿನಲ್ಲಿದೆ. ಪದಗಳು ತಿಳಿಯುತ್ತವೆ, ಸೊಲ್ಲು ಮಾತ್ರ ಹರಿದ ತಮಟೆಯ ಹಾಗಿದೆ. ಅಜ್ಜಿ ಈಗಿಲ್ಲ. ಕುಗ್ಗಿಸುವವನು ಏನನ್ನು ಬಿಟ್ಟನೆಂದು ಕೇಳುವ ಹಕ್ಕು ನಮಗಿದೆ. ಕೇಳಲು ಹತ್ತನೆಯ ತರಗತಿಯ ಲೆಕ್ಕ ಸಾಕು.

ಇನ್ನೊಂದು ಸಂಗತಿಯನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಹೊರಗೆ ಹೋಗಿ ಕುಳಿತೆ. ಮಾತಿನ ನಡುವೆ ಒಬ್ಬನು ಸುಮ್ಮನಾದಾಗ ಅವನ ಕಡೆಯ ಸದ್ದನ್ನು ಕಳಿಸುತ್ತ ಕೂರುವುದು ದಂಡವೆಂದು, ಮೊಬೈಲು ವ್ಯವಸ್ಥೆಗಳಲ್ಲಿ ಕಳಿಸುವುದನ್ನೇ ಬಹುಪಾಲು ನಿಲ್ಲಿಸುವ ಏರ್ಪಾಡು ಇದೆ. ಆದರೆ ಪೂರ್ತಿ ನಿಶ್ಶಬ್ದವಾದರೆ ಕರೆ ಕಡಿದುಹೋಯಿತೆಂದು ಕೇಳುವವರು ಗಾಬರಿಯಾಗುತ್ತಾರೆ. ಆದ್ದರಿಂದ ಅತ್ತಲಿನ ಸದ್ದು ಸುಮಾರು ಎಷ್ಟು ಜೋರಾಗಿದೆ, ಯಾವ ಬಗೆಯದು ಎಂಬ ಸಣ್ಣ ವರದಿಯೊಂದು ಆಗಾಗ ಬರುತ್ತದೆ. ಉಳಿದದ್ದನ್ನು ಕೇಳುವವನ ಮೊಬೈಲೇ ಹುಸಿ ಯಾದೃಚ್ಛಿಕ ಸಂಖ್ಯೆಗಳಿಂದ ಹುಟ್ಟಿಸಿ ಕಿವಿಗೆ ತುಂಬುತ್ತದೆ. ಇದನ್ನು ಸಮಾಧಾನದ ಸದ್ದು ಎನ್ನುತ್ತಾರೆ. ಅಪ್ಪ ಮಾತು ಮುಗಿಸಿ ಸುಮ್ಮನೆ ಇದ್ದಾಗ ನಾವು ಬೆಂಗಳೂರಿನ ಗಾಳಿಯೆಂದು, ಮರಳುರಾಶಿಯ ಆಚೆಯ ರಸ್ತೆಯೆಂದು ಕೇಳಿಸಿಕೊಳ್ಳುತ್ತಿದ್ದುದರಲ್ಲಿ ಬಹುಭಾಗ ನಮ್ಮ ಅಂಗೈಯಲ್ಲಿಯೇ ಹುಟ್ಟುತ್ತಿತ್ತು.

ಮೊಬೈಲಿನ ಕೆಲಸ ಮುಗಿಯಲಿಲ್ಲ. ಆ ಕರೆಗಳು ಈಗಾಗಲೇ ಕುಗ್ಗಿ ಬಂದವು. ಅವನ್ನು ಜಿಪ್ ಮಾಡಿದರೆ ಹೇಳಿಕೊಳ್ಳುವಷ್ಟು ಜಾಗ ಬಿಡುಗಡೆಯಾಗುವುದಿಲ್ಲ. ಕೊನೆಗೆ ದೀಪಾವಳಿಯ ರಜೆಯಲ್ಲಿ ಅಮ್ಮನೂ ನಾನೂ ಜಗಲಿಯ ಮೇಲೆ ಕುಳಿತು ಒಂದೊಂದನ್ನೇ ಕೇಳಿ ಆರಿಸಿದೆವು. ಹಣದ ಮಾತಿನವು, ಗೊಬ್ಬರದ ಮಾತಿನವು ಹೋದುವು. ನನ್ನ ಪಿ.ಯು.ಸಿ. ಫಲಿತಾಂಶದ ದಿನದ್ದು ಉಳಿಯಿತು, ಅಜ್ಜಿಯ ಹಾಡು ಉಳಿಯಿತು. ನಾಲ್ಕು ನಿಮಿಷದ ಒಂದು ಕರೆ ಬಂತು. ಅದರಲ್ಲಿ ಅಪ್ಪ ಎರಡು ಮಾತಾಡಿ ಮಿಕ್ಕಷ್ಟು ಹೊತ್ತೂ ಸುಮ್ಮನಿದ್ದಾರೆ. ನಾನು ಅಳಿಸಲು ಬೆರಳಿಟ್ಟೆ. "ಅದ್ನ ಇರ್ಲಿ ಬುಡು, ಅವತ್ತು ಅವರಿಗೆ ಮೈ ಸರಿಯಿರಲಿಲ್ಲ" ಎಂದಳು ಅಮ್ಮ. ಇಟ್ಟಿದ್ದೇನೆ.